ಕಪಿಲೆಯ ಲೆಕ್ಕದಲ್ಲಿ ಹುಣ್ಣಿಮೆ

ಜೂನ್‌ನಲ್ಲಿ ಕೋಡ್ ನನ್ನ ಕೈಗೆ ಬಂದಿತು. ಜುಲೈನಲ್ಲಿ ಅದನ್ನು ವೇಗಗೊಳಿಸಿದೆ, ಕೆಡಿಸಿದೆ, ಮತ್ತೆ ಸರಿಪಡಿಸಿದೆ. ಆಗಸ್ಟ್‌ನಲ್ಲಿ ಕಪಿಲೆ ತುಂಬಿದಳು.

ನಂಜನಗೂಡಿನ ನೀರಿನ ಮಟ್ಟವನ್ನು ಕೊಟ್ಟರೆ ಟಿ. ನರಸೀಪುರದಲ್ಲಿ ಎಷ್ಟು ಏರುತ್ತದೆಂದು ಹೇಳುವ ಪೈಥಾನ್ ಕೋಡ್ ಅದು. ಬರೆದವರು ನಮ್ಮ ಅಧ್ಯಯನ ಕೇಂದ್ರದಲ್ಲಿದ್ದ ಶಿವಮೂರ್ತಿ ಮೇಷ್ಟರು. ಉತ್ತರ ನಿಖರವಾಗಿರುತ್ತಿತ್ತು, ಆದರೆ ಬೆಳಿಗ್ಗೆ ಕೇಳಿದ್ದಕ್ಕೆ ಸಂಜೆ ಬರುತ್ತಿತ್ತು. ಅಷ್ಟರಲ್ಲಿ ನೀರೇ ಅಲ್ಲಿಗೆ ಮುಟ್ಟಿರುತ್ತಿತ್ತು. ನರಸೀಪುರದ ಹೊಳೆದಂಡೆಯಲ್ಲಿ ಸೊಪ್ಪು ಬೆಳೆಯುವ ಪುಟ್ಟಗೌರಮ್ಮ ನನ್ನ ಮೊದಲ ಕರೆಗೇ ಹೇಳಿದ್ದರು: “ಓದ್ವರ್ಸ ನಿಮ್ಮ ಫೋನ್ ಬರೋ ಒತ್ಗೆ ನನ್ ಪಂಪ್‌ಸೆಟ್ ಮುಳ್ಗೋಗಿತ್ತು ಕಣವ್ವ. ಈ ಸಲಾನೂ ಸಮಾಧಾನ ಏಳಕ್ಕೇ ಮಾಡ್ತೀರಾ?”

ಸಮಯ ಎಲ್ಲಿ ವ್ಯಯವಾಗುತ್ತಿದೆಯೆಂದು ಅಳೆದು ನೋಡಿದೆ. ನೀರಿನ ಮಟ್ಟದ ದಾಖಲೆಯ ಪ್ರತಿ ಸಾಲಿಗೂ ಕೋಡ್ ಚಂದ್ರನ ಸ್ಥಾನವನ್ನು ಹೊಸದಾಗಿ ಲೆಕ್ಕ ಹಾಕುತ್ತಿತ್ತು. ಹಿರಿಯರ ನಂಬಿಕೆಯಿರಬೇಕೆಂದು ಆ ಭಾಗವನ್ನು ತೆಗೆದುಹಾಕಿದೆ. ಉತ್ತರ ಕ್ಷಣದಲ್ಲಿ ಬಂದಿತು. ಹಳೆಯ ವರ್ಷಗಳ ನಿಜವಾದ ಮಟ್ಟದೊಂದಿಗೆ ಹೋಲಿಸಿದಾಗ ಹುಣ್ಣಿಮೆಗಳಂದು ಮಾತ್ರ ತಪ್ಪಾಗಿತ್ತು.

ಮೇಷ್ಟರ ಊರು ಹೆಮ್ಮರಗಾಲಕ್ಕೆ ಹೋದೆ. ಮೇಷ್ಟರು ಕಣ್ಣಿನ ಶಸ್ತ್ರಚಿಕಿತ್ಸೆಯಾಗಿ ಕಪ್ಪು ಕನ್ನಡಕ ಹಾಕಿಕೊಂಡು ಜಗಲಿಯಲ್ಲಿ ಕುಳಿತಿದ್ದರು.

“ಬಾ ತೇಜಸ್ವಿನಿ. ನನ್ನದು ಏನಾದರೂ ಉಳಿಸಿದ್ದೀಯಾ, ಪೂರ್ತಿ ಗುಡಿಸಿ ಹಾಕಿದ್ಯಾ?”

“ಹುಣ್ಣಿಮೆ ತೆಗೆದೆ, ಮೇಷ್ಟ್ರೇ. ಕಪಿಲೆಗೂ ಚಂದ್ರನಿಗೂ ಏನು ಸಂಬಂಧ? ಇದೇನು ಸಮುದ್ರವೇ?”

ಅವರು ನಕ್ಕರು. “ಹೊಳೆಗಿಲ್ಲ ಕಣಮ್ಮ, ಜನಕ್ಕಿದೆ. ಹುಣ್ಣಿಮೆ ದಿನ ನಂಜನಗೂಡಿನ ಸ್ನಾನಘಟ್ಟದ ಅಳತೆಪಟ್ಟಿ ಮುಂದೆ ಮುಡಿ ಕೊಟ್ಟವರು ಸಾಲಾಗಿ ಮುಳುಗ್ತಾ ಇರ್ತಾರೆ. ಮಟ್ಟ ಬರೆಯೋ ನಿಂಗರಾಜು ಅವರನ್ನ ಪಕ್ಕಕ್ಕೆ ಸರೀರಿ ಅನ್ನೋನಲ್ಲ. ಸೇತುವೆ ಕಂಬದ ಪಟ್ಟಿ ನೋಡಿ ಬರೀತಾನೆ. ಅದು ಒಂದು ಗೇಣು ಜಾಸ್ತಿ ತೋರಿಸುತ್ತೆ. ಅದನ್ನ ಕಳೀಬೇಕು.”

“ಪ್ರತಿ ಸಾಲಿಗೂ ಚಂದ್ರನನ್ನು ಕರೆಯಬೇಕಿತ್ತೇ?”

“ಅರವತ್ತರಲ್ಲಿ ಪೈಥಾನ್ ಕಲಿತವನಮ್ಮ. ಬೇರೆ ದಾರಿ ಗೊತ್ತಿರಲಿಲ್ಲ.” ಮತ್ತೆ ಮೆಲ್ಲಗೆ ಕೇಳಿದರು, “ಪೂರ್ತಿ ಹೊಸದು ಬರೀತೀಯಾ?”

“ಇಲ್ಲ. ಹುಣ್ಣಿಮೆಗಳನ್ನು ಒಂದೇ ಸಲ ಲೆಕ್ಕ ಹಾಕಿ ಇಟ್ಟುಕೊಳ್ಳುತ್ತೇನೆ. ಸಾಲುಗಳು ಅಲ್ಲಿ ನೋಡಿಕೊಂಡರಾಯಿತು. ಉಳಿದದ್ದೆಲ್ಲ ನಿಮ್ಮದೇ.”

“ಅಂದರೆ ಗೋಡೆಗೆ ಕ್ಯಾಲೆಂಡರ್ ನೇತುಹಾಕ್ತೀಯ! ನನಗೆ ಹೊಳೀಲಿಲ್ಲ ನೋಡು.” ಅವರ ಕೈ ನನ್ನ ತಲೆಯನ್ನು ಹುಡುಕಿ ಸವರಿತು.

ಆಗಸ್ಟ್ ಹುಣ್ಣಿಮೆಯಂದೇ ಹೊಳೆ ಏರಿತು. ನಿಂಗರಾಜು ಸೇತುವೆಯಿಂದ ಅಳತೆ ಕಳುಹಿಸಿದರು. ಉತ್ತರ ಬಂದ ಕೂಡಲೇ ಪುಟ್ಟಗೌರಮ್ಮನವರಿಗೆ ತಿಳಿಸಿದೆ. ಹಳೆಯ ಕೋಡನ್ನೂ ಪಕ್ಕದಲ್ಲಿ ಓಡಲು ಬಿಟ್ಟೆ. ಮಧ್ಯಾಹ್ನ ಪುಟ್ಟಗೌರಮ್ಮನವರೇ ಕರೆ ಮಾಡಿದರು: “ಪಂಪ್‌ಸೆಟ್ ಮ್ಯಾಕೆ ಎತ್ಕೊಂಡು ಊಟನೂ ಮಾಡ್ದೆ ಕಣವ್ವ. ಈಗ ಬತ್ತಾ ಅದೆ ನೀರು.”

ಸಂಜೆ ಹಳೆಯ ಕೋಡ್ ಮುಗಿಯಿತು. ಮೇಷ್ಟರಿಗೆ ಫೋನಿನಲ್ಲಿ ಓದಿ ಹೇಳಿದೆ: ಎರಡೂ ಕೋಡ್‌ಗಳ ಉತ್ತರ ಒಂದೇ; ಹೊಸದರ ಉತ್ತರ ನೀರಿಗಿಂತ ಮೊದಲು ತಲುಪಿದೆ.