ಮಾವ ಬಿದ್ದದ್ದೆಲ್ಲಿ

ಈ ಹೊಲಿಗೆಯವಳ ಬಾಯಿ ಅವಳ ಕತ್ತರಿಗಿಂತ ಹರಿತ ಅಂತ ಬೀದಿಯವರೆಲ್ಲ ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ, ನನಗೇನು. ಆ ಶನಿವಾರ ಶಾಲೆಯ ಕ್ರೀಡಾಕೂಟ. ಬೆಳಿಗ್ಗೆ ಮಗಳು ಬೂಟಿನ ಲೇಸು ಬಿಗಿಯುವುದನ್ನೇ ನೋಡುತ್ತಾ ನಿಂತಿದ್ದೆ.

“ಯಾಕಮ್ಮಾ ಹಾಗೆ ನೋಡ್ತೀಯ? ಹನ್ನೊಂದಕ್ಕೆ ಸರಿಯಾಗಿ ಬಾ. ಲೇಟಾದ್ರೆ ನಾನು ಗೆದ್ದಿದ್ದನ್ನ ಬೇರೆಯವರ ಬಾಯಲ್ಲಿ ಕೇಳ್ಬೇಕಾಗತ್ತೆ” ಅಂದು ಹೊರಟೇಬಿಟ್ಟಳು. ಅವಳಿಗೆ ಹದಿನೈದು ವರ್ಷ. ಜಿಂಕೆ ಹಾಗೆ ಓಡುತ್ತಾಳೆಂದು ಡ್ರಿಲ್ ಮೇಷ್ಟ್ರು ಅವಳಿಗಿಟ್ಟ ಹೆಸರು ಚಿಗರೆ. ಮನೆಯಲ್ಲೂ ಅದೇ ನಿಂತುಹೋಗಿದೆ.

ಎರಡು ವಾರದ ಹಿಂದೆ ಓಟದ ಅಭ್ಯಾಸ ಮಾಡುವಾಗ ಚಿಗರೆ ಬಿದ್ದಿದ್ದಳು. ಕಣ್ಣು ಕತ್ತಲೆ ಬಂತಂತೆ. ಡಾಕ್ಟರು ಇಸಿಜಿ ಮಾಡಿ ಒಂದು ಫಾರಂ ಕೊಟ್ಟರು. ಅದರಲ್ಲೊಂದು ಪ್ರಶ್ನೆ: ನಿಮ್ಮ ಮನೆತನದಲ್ಲಿ ಯಾರಾದರೂ ಚಿಕ್ಕ ವಯಸ್ಸಿನಲ್ಲಿ ಇದ್ದಕ್ಕಿದ್ದಂತೆ ತೀರಿಕೊಂಡಿದ್ದಾರೆಯೇ? ನಾನು ‘ಇಲ್ಲ’ ಅಂತ ಬರೆದೆ. ನನ್ನ ಸೋದರಮಾವ, ಅಂದರೆ ಅಮ್ಮನ ಅಣ್ಣ, ಹದಿನೈದಕ್ಕೇ ಹೋದದ್ದು ನಿಜ. ಆದರೆ ಅವನು ಬಾವಿಗೆ ಬಿದ್ದು ಸತ್ತವನು. ಬಾವಿಗೆ ಬೀಳೋದೂ ಒಂದು ಕಾಯಿಲೆಯೇ?

“ಇಸಿಜಿ ಸರಿಯಿದೆ. ಮನೆತನದಲ್ಲೂ ಏನಿಲ್ಲ ಅಂತೀರ. ಓಡಲಿ. ಮತ್ತೆ ಬಿದ್ರೆ ಮಾತ್ರ ತಡಮಾಡದೆ ಕರ್ಕೊಂಡು ಬನ್ನಿ, ದೊಡ್ಡ ಪರೀಕ್ಷೆ ಮಾಡೋಣ” ಅಂದರು ಡಾಕ್ಟರು.

ಮಗಳ ಶಾಲೆಯೇ ಮಾವನ ಶಾಲೆಯೂ. ಅಲ್ಲಿ ಹಳೆಯ ವಿದ್ಯಾರ್ಥಿಗಳ ವಸ್ತುಗಳ ಪ್ರದರ್ಶನ ಇಡುತ್ತಾರೆಂದು ಅಮ್ಮ ಮಾವನ ತಗಡಿನ ಡಬ್ಬಿ ತೆಗೆದಿಟ್ಟಿದ್ದಳು. ಓಟ ನೋಡಲು ಹೋಗುವಾಗ ಕೊಟ್ಟುಬಿಡೋಣ ಅಂತ ಮುಚ್ಚಳ ತೆಗೆದೆ. ಬೆಲ್ಟಿನ ಬಕಲು, ಅಂಚೆಲ್ಲ ಹಲ್ಲಿನ ಗುರುತಿದ್ದ ಸ್ಕೇಲು, ತರಗತಿಯ ಗ್ರೂಪ್ ಫೋಟೋ. ತಳದಲ್ಲಿ ಮಡಚಿಟ್ಟ ಪ್ರಶಸ್ತಿಪತ್ರ. ‘ಈಜು, ಪ್ರಥಮ ಸ್ಥಾನ.’

“ಅಮ್ಮಾ, ಮಾವನಿಗೆ ಈಜು ಬರ್ತಿತ್ತಾ?”

“ಬರ್ತಿತ್ತಾ ಅಂದ್ರೆ! ಮೀನು ಅಂತಿದ್ರು ಕಣೇ ಅವನನ್ನ.”

“ಮತ್ತೆ ಬಾವೀಲಿ ಹೇಗೆ ಮುಳುಗಿದ?”

ಅಮ್ಮ ಗುಂಡಿತೂತಿಗೆ ಕಾಜಾ ಹಾಕುತ್ತಿದ್ದ ಸೂಜಿ ನಿಲ್ಲಿಸಿದಳು. “ಬಿದ್ದ ಅಂದ್ರು.”

“ಬಾವಿಗೆ ಅಂದ್ರಾ?”

“ನಂಗಾಗ ನಾಲ್ಕು ವರ್ಷ. ಬಿದ್ದ, ಬಿದ್ದ ಅಂತ ಎಲ್ಲರೂ ಅಳ್ತಿದ್ರು. ಹಿತ್ತಲಲ್ಲಿ ಬಾವಿ ಇತ್ತು. ಇನ್ನೆಲ್ಲಿಗೆ ಬೀಳ್ತಾನೆ ಅಂದ್ಕೊಂಡೆ. ಆಮೇಲೆ ನಿಮ್ಮಜ್ಜಿ ಅವನ ಹೆಸರೇ ಎತ್ತಲಿಲ್ಲ. ಕೇಳೋ ಧೈರ್ಯ ಯಾರಿಗಿತ್ತು?”

ಅಯ್ಯೋ ದೇವರೇ! ನಾಲ್ಕು ವರ್ಷದ ಮಗು ಒಂದು ಮಾತಿಗೆ ಒಂದು ಬಾವಿ ಸೇರಿಸಿ ಹೊಲಿದಿತ್ತು. ಅದನ್ನೇ ನಾವು ಐವತ್ತೆಂಟು ವರ್ಷ ತೊಟ್ಟುಕೊಂಡು ತಿರುಗಿದ್ದೆವು. ನಾನಂತೂ ಅದನ್ನು ಆಸ್ಪತ್ರೆಯ ಫಾರಮ್ಮಿಗೂ ಅಂಟಿಸಿ ಬಂದಿದ್ದೆ. ಬಾವಿಗಲ್ಲದಿದ್ದರೆ, ಮಾವನೂ ಚಿಗರೆಯ ಹಾಗೆ ಇದ್ದಕ್ಕಿದ್ದಂತೆ ಬಿದ್ದವನೇ?

ಗಡಿಯಾರದಲ್ಲಿ ಹತ್ತೂ ಇಪ್ಪತ್ತು. ಡಬ್ಬಿ ಕಂಕುಳಲ್ಲಿಟ್ಟುಕೊಂಡು ಶಾಲೆಗೆ ದಾಪುಗಾಲು ಹಾಕಿದೆ. ನೆಟ್ಟಗೆ ಮೈದಾನಕ್ಕೆ ಹೋಗಿ ಮಗಳನ್ನು ಎಳೆದುಕೊಂಡು ಬರಬಹುದಿತ್ತು. ಆದರೆ ಏನಂತ ಹೇಳಲಿ? ನಿನ್ನ ಅಜ್ಜಿಯ ಅಣ್ಣನಿಗೆ ಈಜು ಬರ್ತಿತ್ತು, ಅದಕ್ಕೇ ನೀನು ಓಡಬೇಡ ಅಂತಲಾ? ವರ್ಷವಿಡೀ ಇದೊಂದು ಓಟಕ್ಕೆ ಬೆವರು ಸುರಿಸಿದವಳು. ಬರೀ ಅನುಮಾನಕ್ಕೆ ತಡೆದರೆ ಸಾಯೋತನಕ ನನ್ನನ್ನು ಕ್ಷಮಿಸುವುದಿಲ್ಲ. ಗ್ರೂಪ್ ಫೋಟೋದ ಕೆಳಗೆ ಇಸವಿ ಇತ್ತು. ಆ ಇಸವಿಯ ಶಾಲಾ ವಾರ್ಷಿಕ ಸಂಚಿಕೆ ಲೈಬ್ರರಿಯಲ್ಲಿ ಇದ್ದೇ ಇರಬೇಕು, ಮಾವ ಹೇಗೆ ಹೋದನೆಂದು ಅದರಲ್ಲಿ ಬರೆದಿರಬೇಕು.

ಲೈಬ್ರರಿಯಮ್ಮ ನಿಧಾನ ಸ್ವಭಾವದವರು. “ಮೊದಲು ಡಬ್ಬಿಯಲ್ಲಿ ಏನೇನಿದೆ ಬರ್ಕೊಳ್ತೀನಿ. ಬಕಲು ಹಿತ್ತಾಳೆಯದಾ?” ಅಂದರು.

“ಚಿನ್ನದ್ದು ಅಂತಲೇ ಬರ್ಕೊಳ್ಳಿ ತಾಯಿ! ನಂಗೆ ಮೊದಲು ಸಂಚಿಕೆ ಕೊಡಿ.”

ಅವರು ಮುಖ ಗಂಟಿಕ್ಕಿಕೊಂಡು ಏಣಿ ಹತ್ತಿದರು. ಕಿಟಕಿಯಾಚೆ ಮೈಕು ಕೂಗುತ್ತಿತ್ತು: ಸಾವಿರದ ಐನೂರು ಮೀಟರ್ ಓಟದ ಹುಡುಗಿಯರು ಗೆರೆಗೆ ಬರಬೇಕು. ಅವಸರದಲ್ಲಿ ಸಂಚಿಕೆಯ ಎರಡೆರಡು ಹಾಳೆ ಒಟ್ಟಿಗೆ ಮಗುಚುತ್ತಿದ್ದೆ. ಮುಖ್ಯೋಪಾಧ್ಯಾಯರ ವರದಿ, ಒಗಟುಗಳು, ಯಾರೋ ಬರೆದ ಪ್ರವಾಸ. ಆಮೇಲೆ ಕಪ್ಪು ಚೌಕಟ್ಟಿನೊಳಗೆ ಗ್ರೂಪ್ ಫೋಟೋದಲ್ಲಿದ್ದ ಅದೇ ಮುಖ.

‘ಕ್ರೀಡಾಕೂಟದ ದಿನ, ಓಟದ ಮೂರನೆಯ ಸುತ್ತಿನಲ್ಲಿ ಎಲ್ಲರಿಗಿಂತ ಮುಂದಿದ್ದ ನಮ್ಮ ಗೆಳೆಯ ಯಾರೂ ತಾಗದೆ ಬಿದ್ದ. ಮತ್ತೆ ಏಳಲಿಲ್ಲ.’

ಹೊರಗೆ ಪಿಸ್ತೂಲಿನ ಸದ್ದಾಯಿತು.

“ಸಂಚಿಕೆ ಹೊರಗೆ ಒಯ್ಯೋ ಹಾಗಿಲ್ಲ!” ಅಂತ ಲೈಬ್ರರಿಯಮ್ಮ ಕೂಗಿದ್ದು ಕೇಳಿಸಿತು. ನಾನಾಗಲೇ ಮೆಟ್ಟಿಲಿಳಿದಿದ್ದೆ. ಚಪ್ಪಲಿ ಎಲ್ಲಿ ಕಳಚಿತೋ ಗೊತ್ತಿಲ್ಲ. ಮೈದಾನದ ಅಂಚು ಮುಟ್ಟುವಷ್ಟರಲ್ಲಿ ಎರಡು ಸುತ್ತು ಮುಗಿದಿತ್ತು. ಚಿಗರೆ ಎಲ್ಲರಿಗಿಂತ ಮುಂದಿದ್ದಳು. ಡ್ರಿಲ್ ಮೇಷ್ಟ್ರು ಸೀಟಿ ಊದುತ್ತಾ ನನ್ನ ಕಡೆ ಓಡಿಬಂದರು. ನಾನು ಗೆರೆ ದಾಟಿ, ಎರಡೂ ಕೈ ಚಾಚಿ ಅವಳ ದಾರಿಗೆ ಅಡ್ಡ ನಿಂತೆ. ಬಂದ ರಭಸಕ್ಕೆ ನನಗೆ ಗುದ್ದಿದಳು. ಇಬ್ಬರೂ ಮಣ್ಣಿಗೆ ಬಿದ್ದೆವು. ಮಿಕ್ಕ ಹುಡುಗಿಯರು ನಮ್ಮನ್ನು ಬಳಸಿಕೊಂಡು ಓಡಿದರು.

“ನಿಂಗೇನು ತಲೆ ಕೆಟ್ಟಿದೆಯಾ? ಎಲ್ಲರೆದುರು ಮಾನ ಕಳೆದ್ಯಲ್ಲಮ್ಮಾ! ಜನ್ಮದಲ್ಲಿ ನಿನ್ನ ಜೊತೆ ಮಾತಾಡಲ್ಲ!”

“ಮಾತಾಡಬೇಡ. ಬದುಕಿದ್ದು ಮಾತಾಡದೆ ಇರು, ನಂಗಷ್ಟು ಸಾಕು.”

ಮೇಷ್ಟ್ರು ನಮ್ಮನ್ನು ನೆರಳಿನ ಬೆಂಚಿಗೆ ಕೂರಿಸಿ ನೀರು ಕೊಟ್ಟರು. ಚಿಗರೆ ಬೆನ್ನು ತಿರುಗಿಸಿಕೊಂಡು ಬಿಕ್ಕುತ್ತಿದ್ದಳು. “ನಿನ್ನಜ್ಜಿಯ ಅಣ್ಣ, ಓದು” ಅಂತ ಸಂಚಿಕೆ ಬಿಡಿಸಿ ಅವಳ ತೊಡೆಯ ಮೇಲಿಟ್ಟೆ. ಓದಿದಳು. ಮತ್ತೊಂದು ಸಲ ಓದಿದಳು. ಬಿಕ್ಕು ನಿಂತಿತು.

“ಅಜ್ಜಿ ಅಣ್ಣ ಬಿದ್ದಿದ್ದು ಇಲ್ಲೇನಾ?”

“ಹೂಂ, ಇದೇ ಮೈದಾನದಲ್ಲಿ.”

ಬೂಟಿನ ತುದಿಯಿಂದ ಮಣ್ಣು ಕೆದಕಿದಳು. “ಅಮ್ಮಾ... ಡಾಕ್ಟರು ಮತ್ತೆ ಬಿದ್ರೆ ಕರ್ಕೊಂಡು ಬನ್ನಿ ಅಂದಿದ್ರಲ್ಲ.”

“ಹೂಂ, ಅಂದಿದ್ರು.”

ನನ್ನ ಮುಖ ನೋಡದೆ ಎರಡು ಬೆರಳು ಎತ್ತಿದಳು. “ಸೋಮವಾರ ಒಂದ್ಸಲ. ನಿನ್ನೆ ಒಂದ್ಸಲ. ಹೇಳಿದ್ರೆ ಓಡೋಕೆ ಬಿಡ್ತಿರಲಿಲ್ಲ ನೀನು.”

ಬಯ್ಯಲು ಬಾಯಿ ತೆರೆದೆ. ನನ್ನ ಕತ್ತರಿ ಬಾಯಿ ಕೈಕೊಟ್ಟಿತು, ಬರೀ ಅಳು ಬಂತು. ಸೆರಗಿನಲ್ಲಿ ಮೂಗೊರೆಸಿಕೊಂಡು ಎದ್ದು, ಅವಳ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿದೆ. ಬೆರಳಡಿಯಲ್ಲಿ ನಾಡಿ ಇನ್ನೂ ದಡದಡ ಓಡುತ್ತಿತ್ತು.

“ನಡಿ, ಆಸ್ಪತ್ರೆಗೆ” ಅಂದೆ. ಅವಳು ಅಭ್ಯಾಸಬಲದಿಂದ ಬಿರುಸಾಗಿ ಹೆಜ್ಜೆ ಹಾಕಿದಳು.

“ನಿಧಾನ ಕಣೇ, ನಿಧಾನಕ್ಕೆ ನಡಿ.”