ಹೊದಿಕೆಯೊಳಗಿನ ದೀಪ

ಕಾರಿಗೆ ಹೊದಿಕೆ ಹೊದಿಸುವುದು ನನ್ನ ಕೆಲಸ. ಸಂಜೆ ಸೀಟು ಒರೆಸುವ ನೆಪದಲ್ಲಿ ಒಳಗಿನ ದೀಪ ಹಾಕಿ, ಬಾಗಿಲು ಮುಚ್ಚಿ, ಮೇಲೆ ದಪ್ಪ ಹೊದಿಕೆ ಎಳೆದುಬಿಡುತ್ತಿದ್ದೆ. ಒಂದು ಚೂರು ಬೆಳಕೂ ಹೊರಗೆ ಬರುತ್ತಿರಲಿಲ್ಲ. ಬೆಳಿಗ್ಗೆ ಹೊದಿಕೆ ತೆಗೆಯುವವಳೂ ನಾನೇ, ದೀಪ ಆರಿಸುವವಳೂ ನಾನೇ. ಆಮೇಲೆ ನಮ್ಮವರು ಬಂದು ಕೀಲಿ ತಿರುಗಿಸುವರು. ರಾತ್ರಿಯಿಡೀ ದೀಪ ಉರಿದು ಬ್ಯಾಟರಿ ಬರಿದಾದ ಕಾರು ಟಕ್ ಎನ್ನುವುದು, ಅಷ್ಟೇ. "ಹಾಳಾದ್ದು, ಮತ್ತೆ ಕೈ ಕೊಡ್ತು" ಎಂದು ಗೊಣಗುತ್ತಾ ಒಳಗೆ ಬಂದರೆ ನಾನು ಏನೂ ಅರಿಯದವಳ ಹಾಗೆ ಟೀ ಕೊಡುತ್ತಿದ್ದೆ. ನಾಚಿಕೆಯಾಗಲಿಲ್ಲವೇ ಎಂದರೆ, ಇಲ್ಲ. ಇನ್ನೊಂದು ಹೆಣ ನೋಡುವುದಕ್ಕಿಂತ ಕಳ್ಳಿ ಅನ್ನಿಸಿಕೊಳ್ಳುವುದೇ ವಾಸಿ.

ನಮ್ಮವರು ಡ್ರೈವಿಂಗ್ ಸ್ಕೂಲಿನ ಮೇಷ್ಟ್ರು. ಊರಲ್ಲಿ ಸ್ಟೀರಿಂಗ್ ಹಿಡಿದವರಲ್ಲಿ ಅರ್ಧ ಜನ ಇವರ ಕೈಲಿ ಬೈಸಿಕೊಂಡವರೇ. ಕಾರು ನಮ್ಮದೇ. ಕಲಿಸುವವರು ಕೂರುವ ಎಡಗಡೆ ಸೀಟಿನ ಮುಂದೆಯೂ ಒಂದು ಬ್ರೇಕಿದೆ. ಕಲಿಯುವವರು ಗಾಬರಿಬಿದ್ದರೆ ಇವರು ಅದನ್ನು ತುಳಿದು ಕಾರು ನಿಲ್ಲಿಸುತ್ತಿದ್ದರು.

ಎರಡು ವರ್ಷದ ಹಿಂದೆ ಅತ್ತೆಯನ್ನು ಅದೇ ಸೀಟಿನಲ್ಲಿ ಕೂರಿಸಿಕೊಂಡು ಕಣ್ಣಿನ ಡಾಕ್ಟರ ಹತ್ತಿರ ಹೊರಟಿದ್ದರು. ತಿರುವಿನಲ್ಲಿ ಕಾರು ತಿರುಗಲಿಲ್ಲ. ನೇರ ಹೋಗಿ ಗೋಡೆಗೆ ಬಡಿಯಿತು. ಇವರ ಹಣೆಗೆ ಹೊಲಿಗೆ ಬಿತ್ತು, ಅತ್ತೆ ಅಲ್ಲೇ ಹೋದರು. ಆಸ್ಪತ್ರೆಯಲ್ಲಿ ಇದು ಮೂರ್ಛೆರೋಗ, ಇನ್ನು ಗಾಡಿ ಮುಟ್ಟಕೂಡದು ಎಂದರು. ಇವರು "ನಿದ್ದೆ ಬಂದಿತ್ತು" ಎಂದರು. ಅಂದಿನಿಂದ ನಮ್ಮ ಮನೆಯಲ್ಲಿ ಅದರ ಹೆಸರೇ ನಿದ್ದೆ. ಕೈಯಿಂದ ಲೋಟ ಜಾರಿ, ಕಣ್ಣು ಗೋಡೆಗೆ ನೆಟ್ಟು, ಕರೆದರೆ ಓಗೊಡದೆ ನಿಂತುಬಿಟ್ಟಾಗಲೂ ಆಮೇಲೆ ಕೇಳಿದರೆ "ಜೊಂಪು ಹತ್ತಿತ್ತು" ಎನ್ನುವರು. ಹೆತ್ತ ತಾಯಿಯನ್ನು ನಿದ್ದೆಗಣ್ಣಿನಲ್ಲಿ ಕೊಂದೆ ಎಂಬುದನ್ನು ಈ ಮನುಷ್ಯ ಒಪ್ಪಿಕೊಂಡರು, ರೋಗವನ್ನು ಒಪ್ಪಲಿಲ್ಲ. ನಿದ್ದೆಯಾದರೆ ಚೆನ್ನಾಗಿ ಮಲಗಿ ಎದ್ದು ಮತ್ತೆ ಕಾರು ಓಡಿಸಬಹುದಲ್ಲ!

ರಿಪೇರಿಯಾಗಿ ಬಂದ ಕಾರು ಶೆಡ್ಡಿನಲ್ಲೇ ನಿಂತಿತು, ನಿಂತಲ್ಲೇ ಅದರ ಬ್ಯಾಟರಿ ಸತ್ತಿತು. ನಾನು ನೆಮ್ಮದಿಯಾಗಿದ್ದೆ. ಈ ವರ್ಷ ಇವರಿಗೆ ಮತ್ತೆ ಹುಚ್ಚು ಹತ್ತಿತು. ಬ್ಯಾಟರಿ ಅಂಗಡಿಯವನು ಬಂದು ಚಾರ್ಜ್ ಮಾಡಿ ಹೋಗುವುದು, ನಾನು ದೀಪ ಹಾಕುವುದು, ಅವನು ಮತ್ತೆ ಬರುವುದು, ಇದೇ ಆಯಿತು.

ಆ ದಿನವೂ ಬಂದ. ಬ್ಯಾಟರಿಯ ತಲೆಯ ಮೇಲೆ ಕಟ್ಟಿದ ಬಿಳಿ ಪುಡಿಯನ್ನು ಬಿಸಿನೀರು ಹುಯ್ದು ಉಜ್ಜಿದ, ಮುಚ್ಚಳ ಬಿಚ್ಚಿ ನೀರು ತುಂಬಿದ, ಕೆಂಪು ಕರಿ ವೈರು ಸಿಕ್ಕಿಸಿ ಚಾರ್ಜರ್ ಹಚ್ಚಿ ಕೂತ. ಸಂಜೆಯ ಹೊತ್ತಿಗೆ ಕೀಲಿ ತಿರುಗಿಸಿದ್ದೇ ತಡ, ಎಂಜಿನ್ ಗುಡುಗಿತು.

"ಮೇಷ್ಟ್ರೇ, ಇದೇ ಕೊನೆ. ಇನ್ನೊಂದ್ಸಲ ಪೂರ್ತಿ ಖಾಲಿಯಾದ್ರೆ ನನ್ ಕೈಲೂ ಎಬ್ಬಿಸೋಕಾಗಲ್ಲ. ಇದನ್ನ ಎಸೆದು ಹೊಸದು ಹಾಕ್ಸ್ಬೇಕು," ಎಂದ.

"ಖಾಲಿ ಯಾಕಾಗುತ್ತೆ? ನಾಳೆಯಿಂದ ದಿನಾ ಓಡುತ್ತಲ್ಲ," ಎಂದರು ಇವರು. ಆಮೇಲೆ ನನ್ನ ಕಡೆ ತಿರುಗಿ, "ಸ್ಕೂಲಿನ ಯಜಮಾನ ಒಪ್ಪಿದಾನೆ ಕಣೆ. ನಾಳೆ ಬೆಳಿಗ್ಗೆ ಹೊಸ ಹುಡುಗಿ ಒಬ್ಳು ಕಲಿಯೋಕೆ ಬರ್ತಾಳೆ," ಎಂದರು.

ಯಾರ ಮನೆಯ ಮಗಳೋ ಏನೋ. ಬ್ರೇಕು ತುಳಿಯುವ ಹೊತ್ತಿಗೆ ಸರಿಯಾಗಿ ಇವರ ಕಣ್ಣು ನೆಟ್ಟುಕೊಂಡರೆ? ಅಂಗಡಿಯವನು ಸಾಮಾನು ಕಟ್ಟುತ್ತಾ ಮೆಲ್ಲಗೆ, "ಅಕ್ಕ, ಒಳಗಿನ ದೀಪ ಮರೆತು ಬಿಡ್ತೀರೇನೋ, ಸ್ವಲ್ಪ ನೋಡ್ಕೊಳ್ಳಿ," ಎಂದ. "ನಿನ್ ಕೆಲಸ ಆಯ್ತಲ್ಲ, ಹೊರಡಪ್ಪ," ಎಂದೆ. ಪಾಪ, ಅವನ ಮೇಲೆ ಹರಿಹಾಯ್ದದ್ದು ತಪ್ಪೇ.

ಅವನು ಹೋದ ಮೇಲೆ ಒರೆಸುವ ಬಟ್ಟೆ ಹಿಡಿದು ಶೆಡ್ಡಿಗೆ ಹೋದೆ. ಇವರು ಆಗಲೇ ಹೊದಿಕೆ ಎಳೆಯುತ್ತಿದ್ದರು.

"ಬಿಡೇ, ಇವತ್ತು ನಾನೇ ಹೊದಿಸ್ತೀನಿ."

"ಸೀಟೆಲ್ಲ ಧೂಳಾಗಿದೆ ರೀ."

"ಇರ್ಲಿ ಬಿಡು ಅಂದ್ನಲ್ಲ!" ಎಂದು ಗದರಿ ಶೆಡ್ಡಿಗೆ ಬೀಗ ಹಾಕಿ, ಬೀಗದ ಕೈ ಜೇಬಿಗಿಳಿಸಿದರು. ಮಾಡುವುದಕ್ಕೆ ನನಗೆ ಏನೂ ಉಳಿಯಲಿಲ್ಲ. ಬೆಳಿಗ್ಗೆ ಕಾರಿಗೆ ಅಡ್ಡ ನಿಲ್ಲುತ್ತೇನೆ, ಹತ್ತಿಸಿದರೆ ನನ್ನ ಮೇಲೆ ಹತ್ತಿಸಲಿ ಎಂದು ಗಟ್ಟಿ ಮಾಡಿಕೊಂಡು ಮಲಗಿದೆ.

ಎದ್ದಾಗ ಪಕ್ಕದಲ್ಲಿ ಇವರಿಲ್ಲ. ತಲೆ ಕೂಡ ಬಾಚದೆ ಓಡಿದೆ. ಹೊದಿಕೆ ನೆಲದ ಮೇಲಿತ್ತು. ಇವರು ಇಸ್ತ್ರಿ ಅಂಗಿ ತೊಟ್ಟು ಸ್ಟೀರಿಂಗ್ ಹಿಡಿದು ಕೂತಿದ್ದರು. ನಾನು ಮುಂದೆ ಹೋಗಿ ಬಾನೆಟ್ಟಿನ ಮೇಲೆ ಎರಡೂ ಕೈ ಊರಿ ನಿಂತೆ. ನನ್ನ ಮುಖ ನೋಡುತ್ತಲೇ ಕೀಲಿ ತಿರುಗಿಸಿದರು.

ಟಕ್.

ಮತ್ತೆ ತಿರುಗಿಸಿದರು. ಈ ಸಲ ಟಕ್ ಕೂಡ ಇಲ್ಲ.

ನಾನು ಮಾಡಿರಲಿಲ್ಲ. ದೇವರಾಣೆ ಮಾಡಿರಲಿಲ್ಲ. ಎಡಗಡೆ ಬಾಗಿಲು ತೆಗೆದು ನೋಡಿದರೆ ಇವರ ತಲೆಯ ಮೇಲೆ ದೀಪ ಇನ್ನೇನು ಆರುವ ಕೆಂಡದ ಹಾಗೆ ಮಿಣುಕುತ್ತಿತ್ತು.

"ನೀವಾ?" ಎಂದೆ.

"ನೀನು ಹಾಕ್ತಿದ್ದದ್ದು ನಂಗೊತ್ತಿತ್ತು. ಮೊದಲನೇ ದಿನಾನೇ ಗೊತ್ತಾಯ್ತು," ಎಂದರು. "ನೀನು ಹಾಕ್ತೀಯ ಅನ್ನೋ ಧೈರ್ಯದ ಮೇಲೇ ದಿನಾ ಕೀಲಿ ತಿರುಗಿಸ್ತಿದ್ದೆ. ನಿನ್ನೆ ಅಂಗಡಿಯವನು ದೀಪದ ಮಾತೆತ್ತಿದ್ದು ನಂಗೂ ಕೇಳಿಸ್ತು. ನೀನು ಹೆದರಿ ಬಿಟ್ಬಿಟ್ರೆ ಅಂತ ನಾನೇ ಹಾಕ್ದೆ."

ಸಿಟ್ಟು, ಅಳು ಎರಡೂ ಒಟ್ಟಿಗೆ ಬಂದವು. ಹಾಗಾದರೆ ಯಾರಿಗೋಸ್ಕರ ಈ ನಾಟಕ ಎಂದು ಕೇಳಬೇಕೆಂದು ಆ ಸೀಟಿನಲ್ಲಿ ಕೂತೆ. ಕಾಲು ಚಾಚಿದಾಗ ಅಂಗಾಲಿಗೆ ಆ ಎರಡನೇ ಬ್ರೇಕು ತಗುಲಿತು. ಇವರು ಅದನ್ನೇ ನೋಡುತ್ತಿದ್ದರು.

"ಅವತ್ತು ನಿದ್ದೆ ಅಲ್ಲ ಕಣೆ," ಎಂದರು. "ಎಚ್ಚರ ಇತ್ತು. ಗೋಡೆ ಕಾಣ್ತಿತ್ತು. ಅಮ್ಮ ನಿಲ್ಸೋ ನಿಲ್ಸೋ ಅಂತ ಕೂಗಿದ್ದೂ ಕೇಳಿಸ್ತಿತ್ತು. ಕಾಲು ಮಾತ್ರ ಏಳ್ಲಿಲ್ಲ."

ನಾನು ಅವರ ಕೈ ಹಿಡಿದುಕೊಂಡೆ.

"ಅವತ್ತು ಹೊರಡೋವಾಗ ಅಮ್ಮ ಈ ಬ್ರೇಕಿನ ಮೇಲೆ ಕಾಲಿಟ್ಳು. ಕಾರು ಗಕ್ಕಂತ ನಿಂತೋಯ್ತು. ನಾನು ರೇಗ್ಬಿಟ್ಟೆ. ಇನ್ನೊಂದ್ಸಲ ಅದನ್ನ ತುಳಿದ್ರೆ ಇಲ್ಲೇ ಇಳಿಸಿ ಹೋಗ್ತೀನಿ ಅಂದೆ. ಪಾಪ, ಕಾಲು ಮಡಚಿ ಸೀಟಿನ ಮೇಲೆ ಇಟ್ಕೊಂಡ್ಳು."

ನಾನು ಬ್ರೇಕಿನ ಮೇಲಿನಿಂದ ಕಾಲು ತೆಗೆದೆ.

"ಗೋಡೆ ಬರೋವರೆಗೂ ಕೂಗ್ತಾನೇ ಇದ್ಳು," ಎಂದರು. "ಕಾಲು ಮಾತ್ರ ಕೆಳಗೆ ಇಳಿಸ್ಲಿಲ್ಲ."