ಆನೆ ಕುಲದ ಮೊಮ್ಮಕ್ಕಳು

ಬೆಳಿಗ್ಗೆ ಆರೂವರೆಗೆ ಆನೆ ಸತ್ತಿತು. ರಾಮಸೆದಿಯ ಹೊಲದಲ್ಲೇ, ತಾನು ತುಳಿದು ಮಲಗಿಸಿದ್ದ ಜೋಳದ ಮೇಲೆಯೇ ಬಿತ್ತು. ವನ್ಯಜೀವಿ ಇಲಾಖೆಯವರು ಎರಡು ಗುಂಡು ಹೊಡೆದಿದ್ದರು.

ಬೋತೇತಿ ನದಿಯ ದಡದ ಈ ಹೊಲದಲ್ಲಿ ರಾಮಸೆದಿಯ ಅಪ್ಪ ಸಾಯುವವರೆಗೂ ಒಂದು ಆನೆಯನ್ನೂ ಕಂಡವನಲ್ಲ. ಆಗ ಅವೆಲ್ಲ ದೂರದ ಉತ್ತರದಲ್ಲಿದ್ದವು. ಅಂಗೋಲಾದ ಯುದ್ಧದಲ್ಲಿ ಅವನ್ನು ದಂತಕ್ಕಾಗಿ ಕೊಂದರು. ಉಳಿದವುಗಳಲ್ಲಿ ಹಲವು ಗಡಿ ದಾಟಿ ಬೋಟ್ಸ್ವಾನಾಕ್ಕೆ ಬಂದವು. ಇಲ್ಲಿ ಕೋವಿಯ ಭಯ ಕಡಿಮೆ, ಸಂತಾನ ಬೆಳೆಯಿತು. ಒಣಗಿದ್ದ ಬೋತೇತಿಗೆ ಮತ್ತೆ ನೀರು ಬಂದ ಮೇಲೆ ದಕ್ಷಿಣಕ್ಕೂ ಇಳಿದವು. ವಿಮಾನದಿಂದ ಐದು ದೇಶಗಳ ಆನೆ ಎಣಿಸಿದಾಗ ಸಿಕ್ಕ ಅಂದಾಜು ಎರಡೂಕಾಲು ಲಕ್ಷ. ಅರ್ಧಕ್ಕಿಂತ ಹೆಚ್ಚು ಬೋಟ್ಸ್ವಾನಾದವೇ. ಅಂಗೋಲಾದ ಪಾಲಿಗೆ ಆರು ಸಾವಿರವೂ ತುಂಬಲಿಲ್ಲ.

ರಾಮಸೆದಿ ಆನೆ ಕುಲದವನು. ಊರವರು ಅವನನ್ನು ಮರ್ಯಾದೆಯಿಂದ ‘ತ್ಲೌ’ ಎನ್ನುತ್ತಾರೆ. ಆನೆ ಎಂದೇ ಅರ್ಥ. ಆ ಕುಲದವರು ಆನೆಯನ್ನು ಕೊಲ್ಲುವಂತಿಲ್ಲ, ತಿನ್ನುವಂತಿಲ್ಲ. ಹಿಂದಿನ ರಾತ್ರಿ ಹಿಂಡು ಬೇಲಿ ಮುರಿದಾಗ ನೆರೆಯವರು ಮೆಣಸಿನಕಾಯಿ ಬೆರೆಸಿದ ಸಗಣಿ ಸುಟ್ಟು, ಡಬ್ಬ ಬಡಿದು ತಮ್ಮ ಬೆಳೆ ಉಳಿಸಿಕೊಂಡರು. ಇವನು ಬರಿಗೈಯಲ್ಲಿ ನಿಂತು ಕುಲದ ಹೊಗಳಿಕೆ ಹೇಳಿ, ದಯವಿಟ್ಟು ಹೊರಡಿ ಹಿರಿಯರೇ ಎಂದು ಬೇಡಿಕೊಂಡ. ಅಪ್ಪ ಕಲಿಸಿದ್ದು ಅದನ್ನೇ. ಅಪ್ಪನಿಗೆ ಅದನ್ನು ಪರೀಕ್ಷಿಸಿ ನೋಡುವ ಸಂದರ್ಭ ಬಂದಿರಲಿಲ್ಲ. ಬೆಳಗಾಗುವಷ್ಟರಲ್ಲಿ ವರ್ಷದ ಊಟ ಹೋಗಿತ್ತು. ಹೋದ ವರ್ಷದ ಜೋಳ ಆಗಲೇ ಮುಗಿದಿತ್ತು.

ಮಾಂಸ ಕೊತ್ಲಾಕ್ಕೆ, ಊರವರು ಸಭೆ ಸೇರುವ ಅಂಗಳಕ್ಕೆ, ಬಂತು. ಸಾಲಿನ ಕೊನೆಯಲ್ಲಿ ರಾಮಸೆದಿ ನಿಂತ.

“ಏನ್ ತ್ಲೌ, ನೀನೂ ಬಂದ್ಯಾ? ನಿಮ್ಮಜ್ಜನ ತೊಡೆ ಬೇಕೋ, ಪಕ್ಕೆ ಬೇಕೋ?” ಮಾಂಸ ಕಡಿಯುತ್ತಿದ್ದ ಕೆರೆಂಗ್ ಕೇಳಿದ. ಸಾಲಿನವರು ನಕ್ಕರು.

“ನನಗಲ್ಲ. ಮೊಮ್ಮಕ್ಕಳಿಗೆ.”

“ಅವೂ ಆನೆ ಮರಿಗಳೇ ಅಲ್ವೇನೋ! ಹೋಗ್ಹೋಗು. ಕುಲದ ಮಾಂಸ ತಿಂದು ಆಮೇಲೆ ಮೈಯೆಲ್ಲ ಹುಣ್ಣೆದ್ರೆ ನಮ್ಮನ್ನ ಬೈಬೇಡ.”

ಪಾಕೊ, ತುಮೊ ಸತ್ತುಹೋದ ಮಗಳ ಮಕ್ಕಳು. ಅವರ ಅಪ್ಪ ಒಲೆಬಿಲೆ, ಮದುವೆಗೆ ಹೆಣ್ಣಿನ ಮನೆಗೆ ಕೊಡಬೇಕಾದ ತೆರದ ದನಗಳನ್ನು ಕೊಟ್ಟೇ ಇರಲಿಲ್ಲ. ತೆರ ಬಾರದಿದ್ದರೆ ಮಕ್ಕಳು ತಾಯಿಯ ಅಪ್ಪನಿಗೆ, ಅವನ ಕುಲಕ್ಕೆ ಸೇರುತ್ತಾರೆ. ತೆರ ಬಂದರೆ ತಂದೆಯ ಕುಲಕ್ಕೆ. ಒಲೆಬಿಲೆಯದು ಜಿಂಕೆ ಕುಲ. ಅವರಿಗೆ ಆನೆ ಮಾಂಸ ವರ್ಜ್ಯವಲ್ಲ.

“ಅವು ಜಿಂಕೆ ಕುಲ,” ಎಂದ ರಾಮಸೆದಿ. “ತೆರ ಬಂದಿದೆ.”

ನಗು ನಿಂತಿತು. ಊರ ಮುಖಂಡ ಕುರ್ಚಿಯಲ್ಲಿ ಮುಂದಕ್ಕೆ ಬಾಗಿದ. “ಯಾವಾಗ ಬಂತಪ್ಪಾ? ನಿನ್ನ ದೊಡ್ಡೀಲಿ ನಾವ್ಯಾರೂ ಒಂದು ಕರೂನೂ ಕಂಡಿಲ್ವಲ್ಲ.”

“ಬಂತು. ಮಾರಿಬಿಟ್ಟೆ.”

“ನೋಡು, ಇದು ಕೊತ್ಲಾ. ಇಲ್ಲಿ ಆಡಿದ ಮಾತು ವಾಪಸ್ ತಗೊಳ್ಳೋಕಾಗಲ್ಲ. ನಾಳೆ ಒಲೆಬಿಲೆ ಕಡೆಯವರು ಬಂದು ಕೇಳಿದ್ರೆ ನಾನೇನು ಹೇಳ್ಲಿ?”

“ನಾನು ಹೇಳಿದ್ದನ್ನೇ ಹೇಳಿ.”

ಹೆಂಡತಿ ಗಲೆಬೊಯೆ ಹಿಂದಿನಿಂದ ಅವನ ಅಂಗಿ ಜಗ್ಗಿದಳು. “ನಿಮಗೇನು ತಲೆ ಕೆಟ್ಟಿದೆಯಾ? ಅವು ನಮ್ಮ ಮಕ್ಕಳು!”

“ನಮ್ಮ ಮಕ್ಕಳಾಗಿದ್ರೆ ಉಪವಾಸ ಕಣೇ.”

ಕೆರೆಂಗ್ ಮತ್ತೆ ತಮಾಷೆ ಮಾಡಲಿಲ್ಲ. ಒಂದು ಪಕ್ಕೆ, ಮೇಲೊಂದಿಷ್ಟು ತೊಡೆ ಕಡಿದು ಹಾಕಿದ. ರಾಮಸೆದಿ ಮುಟ್ಟುವಂತಿರಲಿಲ್ಲ. ಮೊಸಳೆ ಕುಲದ ಗಲೆಬೊಯೆಯೇ ಹೊತ್ತಳು. ಮನೆಯ ಮಡಕೆಗೆ ಹಾಕುವಂತಿಲ್ಲವಾದ್ದರಿಂದ ನೆರೆಮನೆಯಲ್ಲಿ ಬೇಯಿಸಿದಳು. ಉಳಿದದ್ದನ್ನು ಸೀಳಿ ಅವರ ಬೇಲಿಯ ಮೇಲೆಯೇ ಒಣಹಾಕಿದಳು. ತುಮೊ ಎರಡು ಸಲ ಹಾಕಿಸಿಕೊಂಡ.

“ತಾತಾ, ನೀನು ತಿನ್ನಲ್ವಾ?”

“ನಂದು ಬೇರೆ ಕುಲ, ಮಗಾ,” ಎಂದ ರಾಮಸೆದಿ.

ಒಲೆಬಿಲೆಯ ಇಬ್ಬರು ಅಣ್ಣಂದಿರಿಗೆ ದನ ಕಾಯಲು ಹುಡುಗರು ಬೇಕಾಗಿದ್ದರು. ಕೊತ್ಲಾದ ಮಾತು ಅವರ ಕಿವಿಗೆ ಬೀಳಲು ಬಹಳ ದಿನ ಹಿಡಿಯಲಿಲ್ಲ. ಜೂನ್‌ನಲ್ಲಿ ಇಬ್ಬರೂ ಪಿಕಪ್ ವ್ಯಾನಿನಲ್ಲಿ ಬಂದು ತೆರ ಸಂದದ್ದಕ್ಕೆ ಸಾಕ್ಷಿ ಕೇಳಿದರು. ಮುಖಂಡ ತಾನು ಕೇಳಿಸಿಕೊಂಡದ್ದನ್ನು ಹೇಳಿದ. ಮಧ್ಯಾಹ್ನಕ್ಕೆ ಮುಂಚೆ ಅವರು ಪಾಕೊ, ತುಮೊ ಇಬ್ಬರನ್ನೂ ವ್ಯಾನಿನ ಹಿಂದೆ ಕೂರಿಸಿಕೊಂಡು ಹೊರಟರು.